ಭಟ್ಕಳದ ಪಂಢರಿಬಾಯಿಯನ್ನು ‘ಅಮ್ಮ’ ಮಾಡಿದ್ದು ಯಾರು?

ನಾನು ಬೆಳ್ತಂಗಡಿಯವಳು. ನಮ್ಮೂರಲ್ಲಿ ಹುಟ್ಟಿದ ಲೀಲಾವತಿ 2023ರ ಡಿಸೆಂಬರ್‌ನಲ್ಲಿ ತೀರಿಕೊಂಡಾಗ, ನನ್ನ ಫೋನಿಗೆ ಬಂದ ಸ್ಟೇಟಸ್‌ಗಳಲ್ಲೆಲ್ಲ ಅವರು ಅಮ್ಮನೇ. 1960ರ ‘ರಣಧೀರ ಕಂಠೀರವ’ದಲ್ಲಿ ರಾಜ್‌ಕುಮಾರ್ ಜೊತೆ ನಟಿಸಿದ್ದ ಯುವತಿ ಯಾರಿಗೂ ನೆನಪಾದಂತಿರಲಿಲ್ಲ. ಆಗ ನನಗೆ ನೆನಪಾದದ್ದು ಕರಾವಳಿಯ ಇನ್ನೊಬ್ಬ ನಟಿ, ಪಂಢರಿಬಾಯಿ.

ಭಟ್ಕಳ ಅಂದ್ರೆ ಇವತ್ತು ನಮಗೆ ಟಿವಿ ಚಾನೆಲ್‌ಗಳ ಕಿರುಚಾಟವೇ ಕೇಳಿಸುತ್ತೆ. ಪಂಢರಿಬಾಯಿ ಅದೇ ಭಟ್ಕಳದವರು. ಹರಿಕಥೆ, ನಾಟಕಗಳ ನಡುವೆ ಬೆಳೆದು 1943ರ ‘ವಾಣಿ’ ಚಿತ್ರದ ಮೂಲಕ ಪರದೆಗೆ ಬಂದರು. 1952ರ ತಮಿಳಿನ ‘ಪರಾಶಕ್ತಿ’ಗೆ ಸಂಭಾಷಣೆ ಬರೆದವರು ಕರುಣಾನಿಧಿ, ದ್ರಾವಿಡ ಚಳವಳಿಯ ದನಿ ಆ ಚಿತ್ರದ ತುಂಬ ಇದೆ. ಅದು ಶಿವಾಜಿ ಗಣೇಶನ್ ಅವರ ಮೊದಲ ಸಿನಿಮಾ. ಅದರಲ್ಲಿ ನೊಂದು ಅಲೆಯುವ ನಾಯಕನಿಗೆ ಸಮಾಜದ ಕಡೆ ಕಣ್ತೆರೆಸುವ ವಿಮಲಾ ನಮ್ಮ ಪಂಢರಿಬಾಯಿ. ಎರಡೇ ವರ್ಷದಲ್ಲಿ ‘ಬೇಡರ ಕಣ್ಣಪ್ಪ’ ಬಂತು. ರಾಜ್‌ಕುಮಾರ್ ನಾಯಕನಾದ ಮೊದಲ ಚಿತ್ರ. ನಾಯಕಿ ಮತ್ತೆ ಇವರೇ.

ನಟನೆಗಷ್ಟೇ ನಿಲ್ಲಲಿಲ್ಲ. 1957ರಲ್ಲಿ ‘ರಾಯರ ಸೊಸೆ’ ನಿರ್ಮಿಸಿದರು. 1959ರ ‘ಅಬ್ಬಾ ಆ ಹುಡುಗಿ’ಯಲ್ಲಿ ತಂಗಿ ಮೈನಾವತಿಗೆ ಮುಖ್ಯ ಪಾತ್ರ, ಅಕ್ಕನದು ಪಕ್ಕದ ಪಾತ್ರ. ನಟಿಯರ ನಡುವೆ ಪೈಪೋಟಿಯನ್ನಷ್ಟೇ ಹುಡುಕುವವರು ಇದನ್ನೂ ನೋಡಬೇಕು.

1969ಕ್ಕೆ ಬನ್ನಿ. ದೇವದಾಸಿ ಪದ್ಧತಿಯ ಕುರಿತ ಪುಟ್ಟಣ್ಣ ಕಣಗಾಲರ ‘ಗೆಜ್ಜೆಪೂಜೆ’ಯಲ್ಲಿ ಪಂಢರಿಬಾಯಿ, ಲೀಲಾವತಿ ಇಬ್ಬರೂ ಇದ್ದಾರೆ. ಲೀಲಾವತಿ ಅಲ್ಲಿ ಕಲ್ಪನಾಗೆ ತಾಯಿ! ಅವರಿಬ್ಬರ ವಯಸ್ಸಿನ ಅಂತರ ಹತ್ತು ವರ್ಷವೂ ಇರಲಿಲ್ಲ. ಅದೇ ವರ್ಷದ ತಮಿಳಿನ ‘ದೈವ ಮಗನ್’ನಲ್ಲಿ ಶಿವಾಜಿಗೆ ಮೂರು ಪಾತ್ರ. ಪಂಢರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಉಳಿದಿಬ್ಬರಿಗೆ ಅಮ್ಮ. 1986ರ ‘ಅನುರಾಗ ಅರಳಿತು’ ಹೊತ್ತಿಗೆ ರಾಜ್‌ಕುಮಾರ್ ಇನ್ನೂ ನಾಯಕ. ಅವರ ಮೊದಲ ನಾಯಕಿ ಈಗ ಅವರ ತಾಯಿ. ಇಬ್ಬರೂ ಒಂದೇ ಓರಗೆಯವರು.

ತಾಯಿ ಪಾತ್ರ ಸಣ್ಣದು ಅಂತ ನಾನು ಹೇಳ್ತಿಲ್ಲ. ಪಂಢರಿಬಾಯಿ ಅದಕ್ಕೆ ಘನತೆ ತಂದುಕೊಟ್ಟರು, ದಶಕಗಳ ಕಾಲ ದುಡಿದು ಬದುಕಿದರು. ನನ್ನ ತಕರಾರು ಬೇರೆ: ವಯಸ್ಸು ಗಂಡಸಿಗೆ ಕೆಲಸ ಕೊಡುತ್ತಲೇ ಹೋಯಿತು, ಹೆಣ್ಣಿಗೆ ಮಾತ್ರ ಅದೇ ವಯಸ್ಸು ತೋರಿಸಿ ಜಾಗ ಬದಲಿಸಿತು.

ಅಪಘಾತವೊಂದರಲ್ಲಿ ಕೈ ಕಳೆದುಕೊಂಡಿದ್ದ ಅವರು 2003ರ ಜನವರಿಯಲ್ಲಿ ಚೆನ್ನೈನಲ್ಲಿ ತೀರಿಕೊಂಡರು. ಅಮ್ಮನಾಗಿ ಅವರನ್ನು ನಾವೆಲ್ಲ ನೋಡಿದ್ದೇವೆ. ಒಮ್ಮೆ ‘ಪರಾಶಕ್ತಿ’ಯ ವಿಮಲಾಳನ್ನೂ ನೋಡಿ.