ಕೊನೆಯವರೆಗೂ ಚುಕ್ಕಾಣಿ ಬಿಡದ ತರುಣ: ಲೆಸ್ಲಿ ಮ್ಯಾನ್ಸರ್

ಬಾಳಿನ ಬೆಲೆಯನ್ನು ಆಯುಷ್ಯದ ಅಳತೆಯಿಂದ ಕಟ್ಟಲಾಗದು. ಇಪ್ಪತ್ತು ವರ್ಷ, ಇಪ್ಪತ್ತು ದಿನ ಮಾತ್ರ ಬದುಕಿದ ತರುಣನೊಬ್ಬನು ತನ್ನ ಅಂತಿಮ ಕ್ಷಣಗಳಲ್ಲಿ ಆರು ಜೀವಗಳನ್ನು ಉಳಿಸಿ ಹೋದನು. ಆತನೇ ಬ್ರಿಟಿಷ್ ವಾಯುಪಡೆಯ ವಿಮಾನಚಾಲಕ ಲೆಸ್ಲಿ ಥಾಮಸ್ ಮ್ಯಾನ್ಸರ್.

ಮ್ಯಾನ್ಸರ್ ಜನಿಸಿದ್ದು ನಮ್ಮ ನೆಲದಲ್ಲಿಯೇ. 1922ನೆಯ ಮೇ 11ರಂದು, ಹೊಸದಿಲ್ಲಿಯಲ್ಲಿ. ತಂದೆ ಇಲ್ಲಿಯ ಅಂಚೆ ಮತ್ತು ತಂತಿ ಇಲಾಖೆಯಲ್ಲಿ ಇಂಜಿನಿಯರರಾಗಿದ್ದರು. ಡಾರ್ಜಿಲಿಂಗ್ ಸೀಮೆಯ ಕರ್ಸಿಯಾಂಗಿನ ವಿಕ್ಟೋರಿಯಾ ಬಾಲಕರ ಶಾಲೆಯಲ್ಲಿ ಕಲಿತ ಬಾಲಕನು ಮುಂದಿನ ವಿದ್ಯಾಭ್ಯಾಸಕ್ಕೆ ಇಂಗ್ಲೆಂಡಿನ ಆಲ್ಡೆನ್‌ಹ್ಯಾಮ್ ಶಾಲೆಯನ್ನು ಸೇರಿದನು. ಎರಡನೆಯ ಮಹಾಯುದ್ಧದ ಜ್ವಾಲೆ ಯುರೋಪನ್ನು ಆವರಿಸಿದ್ದ 1940ರಲ್ಲಿ ವಾಯುಪಡೆಗೆ ಸೇರ್ಪಡೆಯಾದನು. ಮರುವರ್ಷ ಮೇ ತಿಂಗಳಲ್ಲಿ ಅಧಿಕಾರಿಯ ಪದವಿ ದೊರೆತು, ಬಾಂಬರ್ ವಿಮಾನಗಳ ಚಾಲಕನಾದನು.

1942ನೆಯ ಮೇ 30ರ ರಾತ್ರಿ ಜರ್ಮನಿಯ ಕಲೋನ್ ನಗರದ ಮೇಲೆ ಸಾವಿರಕ್ಕೂ ಮಿಕ್ಕ ವಿಮಾನಗಳು ಏಕಕಾಲಕ್ಕೆ ದಾಳಿಗೆ ಹೊರಟವು. ಅಂಥ ದಾಳಿ ಅದೇ ಮೊದಲನೆಯದು. ಅವುಗಳಲ್ಲೊಂದು, ಮ್ಯಾನ್ಸರನ ನಾಯಕತ್ವದಲ್ಲಿ ಏಳು ಮಂದಿಯನ್ನು ಹೊತ್ತ ಮ್ಯಾಂಚೆಸ್ಟರ್ ವಿಮಾನ. ಎರಡೇ ಇಂಜಿನುಗಳ ಈ ಜಾತಿಯ ವಿಮಾನ ಕೆಡುವುದಕ್ಕೇ ಹೆಸರಾಗಿತ್ತು. ಒಂದು ಇಂಜಿನು ನಿಂತರೆ ಎತ್ತರ ಕಾಯ್ದುಕೊಳ್ಳುವುದೇ ಕಷ್ಟ. ಅಂದು ಅದು ಸುಮಾರು 7,000 ಅಡಿಗಿಂತ ಮೇಲೇರಲೇ ಇಲ್ಲ.

ಕಲೋನಿನ ಮೇಲೆ ಶೋಧದೀಪಗಳ ಬೆಳಕು ವಿಮಾನವನ್ನು ಹಿಡಿದಿಟ್ಟಿತು. ಬಾಂಬುಗಳನ್ನು ಇಳಿಸಿ ತಿರುಗುವಷ್ಟರಲ್ಲಿ ಫಿರಂಗಿಗಳ ಪೆಟ್ಟು ಬಿದ್ದಿತು. ಹಿಂಬದಿಯ ಬಂದೂಕುಗಾರ ಗಾಯಗೊಂಡನು. ಒಳಗೆಲ್ಲ ಹೊಗೆ ತುಂಬಿತು. ಸ್ವಲ್ಪ ಹೊತ್ತಿನಲ್ಲಿಯೇ ಎಡಗಡೆಯ ಇಂಜಿನಿಗೆ ಬೆಂಕಿ ಹತ್ತಿತು. ಹತ್ತು ನಿಮಿಷಗಳ ಹೋರಾಟದ ಬಳಿಕ ಬೆಂಕಿ ಆರಿತು. ಆದರೆ ಇಂಜಿನು ಸತ್ತಿತ್ತು, ರೆಕ್ಕೆಯ ಒಂದು ಭಾಗ ಸುಟ್ಟಿತ್ತು. ಆಗಲೇ ಎಲ್ಲರೂ ಧುಮುಕಿ ಪಾರಾಗಬಹುದಿತ್ತು. ಆದರೂ ಮ್ಯಾನ್ಸರ್ ವಿಮಾನವನ್ನೂ ಸಂಗಡಿಗರನ್ನೂ ತಾಯ್ನಾಡಿಗೆ ಮುಟ್ಟಿಸಲು ಹಟ ಹಿಡಿದು ಹೆಣಗಿದನು.

ಬೆಲ್ಜಿಯಂ ದೇಶದ ಮೇಲೆ ಬರುವಾಗ ಇನ್ನು ಸಾಗದೆಂಬುದು ನಿಚ್ಚಳವಾಯಿತು. ಆತ ಎಲ್ಲರಿಗೂ ಧುಮುಕಲು ಆಜ್ಞಾಪಿಸಿದನು. ಚುಕ್ಕಾಣಿಯ ಮೇಲಿನ ಕೈ ತೆಗೆದರೆ ಆ ವಿಮಾನ ತಕ್ಷಣವೇ ಮಗುಚಿ ಬೀಳುವ ಸ್ಥಿತಿಯಲ್ಲಿತ್ತು. ಯಾರಾದರೊಬ್ಬರು ಉಳಿದರೆ ಮಾತ್ರ ಉಳಿದವರಿಗೆ ದಾರಿ. ಸಹಚಾಲಕ ಬೇವಿಸ್ಟಾಕ್ ಧುಮುಕುಕೊಡೆಯನ್ನು ತಂದು ನೀಡಿದಾಗ ಮ್ಯಾನ್ಸರ್ ಅದನ್ನು ಕೈಸನ್ನೆಯಿಂದ ನಿರಾಕರಿಸಿ, ಬೇಗ ಹೋಗುವಂತೆ ಸೂಚಿಸಿದನು. ಬೇವಿಸ್ಟಾಕ್ ಧುಮುಕಿದಾಗ ನೆಲ ಎಷ್ಟು ಸಮೀಪಿಸಿತ್ತೆಂದರೆ, ಕೊಡೆ ಪೂರ್ತಿ ಬಿಚ್ಚಲಿಲ್ಲ. ಕಾಲುವೆಯ ನೀರು ಆತನನ್ನು ಕಾಯಿತು. ಮರುಕ್ಷಣವೇ ಬ್ರೇ ಎಂಬ ಊರಿನ ಹತ್ತಿರ ವಿಮಾನ ಅಪ್ಪಳಿಸಿ ಉರಿದುಹೋಯಿತು.

ಆರು ಮಂದಿಯೂ ಬದುಕುಳಿದರು. ಒಬ್ಬನು ಸೆರೆಯಾದನು. ಉಳಿದ ಐವರನ್ನು ಬೆಲ್ಜಿಯಂನ ಜನಸಾಮಾನ್ಯರು ತಮ್ಮ ಪ್ರಾಣದ ಹಂಗು ತೊರೆದು ಅಡಗಿಸಿಟ್ಟರು. ಧೂಮಕೇತುವಿನ ಹೆಸರು ಹೊತ್ತ ಗುಪ್ತ ಸಂಘಟನೆಯೊಂದು ಅವರನ್ನು ಫ್ರಾನ್ಸ್, ಸ್ಪೇನ್ ಮಾರ್ಗವಾಗಿ ಪಾರುಮಾಡಿತು. ಅವರು ತಿಳಿಸಿದ್ದರಿಂದಲೇ ಲೋಕಕ್ಕೆ ಈ ಸಂಗತಿ ಗೊತ್ತಾಯಿತು. 1942ರ ಅಕ್ಟೋಬರಿನಲ್ಲಿ ಬ್ರಿಟನ್ನಿನ ಅತ್ಯುನ್ನತ ಶೌರ್ಯ ಪದಕವಾದ ವಿಕ್ಟೋರಿಯಾ ಕ್ರಾಸ್ ಮ್ಯಾನ್ಸರನಿಗೆ ಮರಣೋತ್ತರವಾಗಿ ಸಂದಿತು. ಬೆಲ್ಜಿಯಂನ ಹೆವರ್ಲೀ ಯುದ್ಧಸ್ಮಶಾನದಲ್ಲಿ ಆತನ ಸಮಾಧಿಯಿದೆ.

ಆ ರಾತ್ರಿ ಕಲೋನಿನಲ್ಲಿ ನಾನೂರಕ್ಕೂ ಹೆಚ್ಚು ಜನ ಮಡಿದರು. ಸುಮಾರು 45,000 ಮಂದಿ ನೆಲೆ ಕಳೆದುಕೊಂಡರು. ಇದನ್ನು ಮರೆತು ಯುದ್ಧವನ್ನು ಕೊಂಡಾಡುವುದು ಸಲ್ಲದು. ಕೊಲ್ಲಲೆಂದು ಕಟ್ಟಿದ ಯಂತ್ರದೊಳಗೆ ಕುಳಿತವನೂ ಕೊನೆಗಳಿಗೆಯಲ್ಲಿ ಕಾಯುವ ಕೆಲಸವನ್ನೇ ಆರಿಸಿಕೊಂಡನೆಂಬುದೇ ಇಲ್ಲಿ ನೆನೆಯತಕ್ಕ ಮಾತು. ನಾಯಕನೆಂಬುವನು ಎಲ್ಲರಿಗಿಂತ ಮೊದಲು ಹೊಣೆ ಹೊರಬೇಕು, ಎಲ್ಲರಿಗಿಂತ ಕೊನೆಗೆ ಅದನ್ನು ಇಳಿಸಬೇಕು. ಇಪ್ಪತ್ತರ ಹರೆಯದ ಮ್ಯಾನ್ಸರ್ ಅದನ್ನು ಮಾತಿನಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದನು.