ಎಡ್ವಿನ್ ಆಲ್ಬರ್ಟ್ ಲಿಂಕ್

ಎಡ್ವಿನ್ ಆಲ್ಬರ್ಟ್ ಲಿಂಕ್ (ಜುಲೈ 26, 1904 – ಸೆಪ್ಟೆಂಬರ್ 7, 1981) ಅಮೆರಿಕದ ಸಂಶೋಧಕ ಹಾಗೂ ಉದ್ಯಮಿ. ನೆಲದ ಮೇಲೆಯೇ ವಿಮಾನ ಚಾಲನೆಯನ್ನು ಕಲಿಸುವ ‘ಲಿಂಕ್ ಟ್ರೇನರ್’ ಯಂತ್ರದ ನಿರ್ಮಾತೃವೆಂದು ಇವರು ಪ್ರಸಿದ್ಧರು.

ಇಂಡಿಯಾನಾ ರಾಜ್ಯದ ಹಂಟಿಂಗ್ಟನ್‌ನಲ್ಲಿ ಜನಿಸಿದ ಲಿಂಕ್, ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್‌ನಲ್ಲಿದ್ದ ತಂದೆಯ ಪಿಯಾನೊ ಮತ್ತು ಆರ್ಗನ್ ಕಾರ್ಖಾನೆಯಲ್ಲಿ ಕೆಲಸ ಕಲಿತರು. ಹಾರಾಟದ ತರಬೇತಿ ಬಹಳ ದುಬಾರಿಯಾಗಿದ್ದ ಆ ಕಾಲದಲ್ಲಿ, ಆರ್ಗನ್ ವಾದ್ಯದ ತಿದಿಗಳನ್ನು ಬಳಸಿ, ಚಾಲಕನ ಹಿಡಿಕೆಗೆ ತಕ್ಕಂತೆ ಬಾಗುವ, ತಿರುಗುವ ಪುಟ್ಟ ವಿಮಾನಾಕಾರದ ಯಂತ್ರವನ್ನು 1929ರಲ್ಲಿ ರೂಪಿಸಿದರು. ಆರಂಭದಲ್ಲಿ ಅದನ್ನು ಹೆಚ್ಚಾಗಿ ಕೊಂಡವು ಮನರಂಜನಾ ಉದ್ಯಾನಗಳು.

1934ರಲ್ಲಿ ಅಮೆರಿಕದ ಸೇನೆಯು ವಿಮಾನ ಅಂಚೆಯ ಹೊಣೆ ವಹಿಸಿಕೊಂಡಾಗ, ಕೆಟ್ಟ ಹವಾಮಾನದಲ್ಲಿ ಮಾಪಕಗಳ ಆಧಾರದಿಂದ ಹಾರುವ ಅನುಭವ ಸಾಲದೆ ಹಲವು ಪೈಲಟ್‌ಗಳು ಮೃತಪಟ್ಟರು. ಅನಂತರ ಸೇನೆಯು ಲಿಂಕ್ ಯಂತ್ರಗಳನ್ನು ಖರೀದಿಸಿತು. ಇಂದಿನ ಸಿಮ್ಯುಲೇಟರ್‌ಗಳಂತೆ ಗಾಜಿನ ಮೇಲೆ ಮಳೆಹನಿಗಳನ್ನು ತೋರಿಸುವ ವ್ಯವಸ್ಥೆ ಅದರಲ್ಲಿರಲಿಲ್ಲ. ಮೇಲಿನ ಮುಚ್ಚಳವನ್ನು ಮುಚ್ಚಿದೊಡನೆ ಹೊರಗಿನದೇನೂ ಕಾಣದೆ, ಕಲಿಯುವವರು ಮಾಪಕಗಳನ್ನೇ ನಂಬಬೇಕಾಗುತ್ತಿತ್ತು. ಎರಡನೆಯ ಮಹಾಯುದ್ಧದ ಅವಧಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಪೈಲಟ್‌ಗಳು ಇದರಲ್ಲಿ ತರಬೇತಿ ಪಡೆದರು.

ಮುಂದೆ ಲಿಂಕ್ ಸಮುದ್ರತಳದ ಅನ್ವೇಷಣೆಯಲ್ಲಿ ತೊಡಗಿದರು. 1973ರಲ್ಲಿ ಅವರು ವಿನ್ಯಾಸಗೊಳಿಸಿದ್ದ ಕಿರು ಜಲಾಂತರ್ಗಾಮಿಯು ಮುಳುಗಿದ ಹಡಗೊಂದರ ಅವಶೇಷಗಳಲ್ಲಿ ಸಿಲುಕಿ, ಅವರ ಮಗ ಸೇರಿದಂತೆ ಇಬ್ಬರು ಅಸುನೀಗಿದರು. ಬಳಿಕ ಲಿಂಕ್, ಹಾಗೆ ಸಿಲುಕಿದ ನೌಕೆಗಳನ್ನು ಬಿಡಿಸುವ ಮಾನವರಹಿತ ಸಾಧನವೊಂದನ್ನು ರೂಪಿಸಿದರು.