ಸೂರತ್ತಿನಲ್ಲಿದ್ದ ಮೈಸೂರಿನ ಇಂಜಿನಿಯರರು

ಕನ್ನಂಬಾಡಿ ಕಟ್ಟೆಯ ಹೆಸರೆತ್ತಿದೊಡನೆ ಕನ್ನಡಿಗರು ನೆನೆಯುವುದು ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಆದರೆ ಆ ಕಟ್ಟೆಗೆ ಮೊದಲು ಅವರು ಇಪ್ಪತ್ತನಾಲ್ಕು ವರ್ಷಗಳ ಕಾಲ ನಮ್ಮ ನಿಮ್ಮಂತೆಯೇ ಹೊರನಾಡಿನಲ್ಲಿ ದುಡಿದವರೆಂಬುದೂ, 1896ರಲ್ಲಿ ಇದೇ ಸೂರತ್ತಿನಲ್ಲಿ ಎಕ್ಸಿಕ್ಯೂಟಿವ್ ಇಂಜಿನಿಯರರಾಗಿದ್ದರೆಂಬುದೂ ಗುಜರಾತಿನಲ್ಲಿರುವ ಅನೇಕ ಕನ್ನಡಿಗರಿಗೆ ತಿಳಿದಿರಲಾರದು.

ಅವರ ಊರು ಚಿಕ್ಕಬಳ್ಳಾಪುರದ ಬಳಿಯ ಮುದ್ದೇನಹಳ್ಳಿ. ತಂದೆ ಶ್ರೀನಿವಾಸ ಶಾಸ್ತ್ರಿಗಳು ಮಗ ಇನ್ನೂ ಬಾಲಕನಾಗಿದ್ದಾಗಲೇ ತೀರಿಕೊಂಡರು. ತಾಯಿ ವೆಂಕಟಲಕ್ಷ್ಮಮ್ಮನವರಿಗೆ ಮಗನ ಓದು ನಿಲ್ಲಬಾರದೆಂಬ ಹಟ. ಬೆಂಗಳೂರಿನಲ್ಲಿ ಸೋದರಮಾವನ ಆಸರೆ ದೊರೆಯಿತಾದರೂ, ಖರ್ಚಿಗೆಂದು ಹುಡುಗನು ಇತರರ ಮಕ್ಕಳಿಗೆ ಮನೆಪಾಠ ಹೇಳುತ್ತಲೇ ಸೆಂಟ್ರಲ್ ಕಾಲೇಜಿನ ಬಿ.ಎ. ಮುಗಿಸಬೇಕಾಯಿತು. ಮುಂದೆ ಇಂಜಿನಿಯರಿಂಗ್ ಕಲಿಯಲು ಮೈಸೂರು ಸರ್ಕಾರವು ವಿದ್ಯಾರ್ಥಿವೇತನವನ್ನಿತ್ತು ಪುಣೆಗೆ ಕಳುಹಿಸಿತು.

ಅಂದಿನ ಪುಣೆಯೆಂದರೆ ಮೈಸೂರಿನವನಿಗೆ ಬೇರೊಂದು ಸರ್ಕಾರದ ಸೀಮೆ; ಭಾಷೆ ಬೇರೆ, ಊಟ ಬೇರೆ. 1883ರ ಅಂತಿಮ ಪರೀಕ್ಷೆಯಲ್ಲಿ ಅವರು ಮೊದಲಿಗರಾಗಿ ತೇರ್ಗಡೆ ಹೊಂದಿದರು. ಆ ಸ್ಥಾನದ ಬಲದಿಂದಲೇ 1884ರಲ್ಲಿ ಮುಂಬಯಿ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಅಸಿಸ್ಟೆಂಟ್ ಇಂಜಿನಿಯರರ ಕೆಲಸ ದೊರೆಯಿತು. ಹೊರನಾಡಿನಲ್ಲಿ ಕೆಲಸ ಹುಡುಕಿ ಅಲೆದವರಿಗೆ ಇದು ಸುಲಭವಾಗಿ ಬಂದ ಭಾಗ್ಯವೆಂದು ತೋರಬಹುದು. ಕೆಲಸ ಸುಲಭವಾಗಿ ಬಂತು, ನಿಜ. ಆದರೆ ಅದನ್ನು ಉಳಿಸಿಕೊಳ್ಳುವುದು ಅಷ್ಟು ಸುಲಭವಾಗಿರಲಿಲ್ಲ. ಖಾನದೇಶದಲ್ಲಿ ಪಾಂಝರಾ ನದಿಗೆ ಅಡ್ಡಲಾಗಿ ಕೊಳವೆಯ ಮೂಲಕ ಕಾಲುವೆಯ ನೀರನ್ನು ದಾಟಿಸುವ ಕೆಲಸವನ್ನು ಅವರಿಗೆ ವಹಿಸಲಾಗಿತ್ತು. ಮಳೆಗಾಲ ಹಿಡಿಯಿತು. ಕೆಲಸವನ್ನು ಕೆಲಕಾಲ ನಿಲ್ಲಿಸಲು ಅನುಮತಿ ಬೇಡಿದಾಗ ಮೇಲಧಿಕಾರಿಯು ಅಸಮಾಧಾನಗೊಂಡನು. ತರುಣ ಇಂಜಿನಿಯರರು ವಾದಕ್ಕಿಳಿಯದೆ, ಪ್ರವಾಹದ ನಡುವೆಯೇ ಕೆಲಸವನ್ನು ಪೂರೈಸಿ ತೋರಿಸಿದರು.

ಅವರ ಹೆಸರು ನಿಜವಾಗಿ ಬೆಳಗಿದ್ದು ಸಿಂಧ್ ಪ್ರಾಂತದ ಸಕ್ಕರದಲ್ಲಿ. ಊರಿನ ಪಕ್ಕದಲ್ಲೇ ಸಿಂಧೂ ನದಿ ಹರಿಯುತ್ತಿತ್ತು. ಆದರೆ ನೀರು ಕೆಸರು. ಶೋಧಿಸುವ ದೊಡ್ಡ ತೊಟ್ಟಿಗಳನ್ನು ಕಟ್ಟಿಸಲು ಪುರಸಭೆಯಲ್ಲಿ ಹಣವಿರಲಿಲ್ಲ. ಹಣವಿಲ್ಲವೆಂದು ಕೈಕಟ್ಟಿ ಕುಳಿತಿದ್ದರೆ ಯಾರೂ ತಪ್ಪೆನ್ನುತ್ತಿರಲಿಲ್ಲ. ವಿಶ್ವೇಶ್ವರಯ್ಯನವರು ದಡದ ಸಮೀಪ ನದಿಯ ಪಾತ್ರದಲ್ಲಿಯೇ ಒಂದು ಬಾವಿಯನ್ನು ತೋಡಿಸಿದರು. ಮರಳಿನ ಮೂಲಕ ಜಿನುಗಿ ತಿಳಿಯಾದ ನೀರು ಅದರಲ್ಲಿ ತುಂಬಿತು. ಅಲ್ಲಿಂದ ಸುರಂಗದ ಮೂಲಕ ದಡಕ್ಕೆ ತಂದು ಪಂಪಿನಿಂದ ಗುಡ್ಡದ ಮೇಲಕ್ಕೆ ಏರಿಸಿದರು. ನದಿಯ ಮರಳೇ ಜರಡಿಯಾಯಿತು!

ಈ ಕೀರ್ತಿಯನ್ನು ಹೊತ್ತು ಅವರು ಸೂರತ್ತಿಗೆ ಬಂದರು. ಇಲ್ಲಿದ್ದುದು ಅಲ್ಪಕಾಲ, 1897ರಲ್ಲಿಯೇ ಪುಣೆಗೆ ವರ್ಗವಾಯಿತು. ಮರುವರ್ಷ ಜಪಾನಿಗೆ ಹೋಗಿ ಅಲ್ಲಿನ ಕೈಗಾರಿಕೆ, ಶಿಕ್ಷಣಗಳನ್ನು ಕಣ್ಣಾರೆ ಕಂಡು ಬಂದರು. 1903ರಲ್ಲಿ ಪುಣೆಯ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳು ಬಂದವು. ನೀರು ಗೊತ್ತಾದ ಮಟ್ಟವನ್ನು ಮೀರಿದರೆ ತಾವಾಗಿ ತೆರೆದು, ಇಳಿದರೆ ತಾವಾಗಿ ಮುಚ್ಚಿಕೊಳ್ಳುವ ಈ ಬಾಗಿಲುಗಳಿಂದ, ಕಟ್ಟೆಯನ್ನು ಎತ್ತರಿಸದೆಯೇ ಸುಮಾರು 8 ಅಡಿ ಹೆಚ್ಚು ನೀರು ನಿಂತಿತು. ಅದಕ್ಕೆ ಪೇಟೆಂಟ್ ದೊರೆತರೂ, ತಾವು ಸೇವೆಯಲ್ಲಿರುವ ಸರ್ಕಾರದಿಂದ ರಾಯಧನ ಪಡೆಯಲು ಅವರು ಒಪ್ಪಲಿಲ್ಲ. 1906ರಲ್ಲಿ ಏಡನ್ ಪಟ್ಟಣದ ನೀರಿನ ಸಮಸ್ಯೆಯನ್ನು ಬಿಡಿಸಲು ಕಡಲಾಚೆಗೂ ಅವರನ್ನೇ ಕಳುಹಿಸಲಾಯಿತು.

ಇಷ್ಟಾದರೂ ಒಂದು ಗೋಡೆ ಎದುರಿಗಿತ್ತು. ಅವರು ತಮಗಿಂತ ಹಿರಿಯರಾದ ಹಲವರನ್ನು ದಾಟಿ ಸೂಪರಿಂಟೆಂಡಿಂಗ್ ಇಂಜಿನಿಯರ್ ಹುದ್ದೆಗೆ ಏರಿದ್ದರು. ಅದರ ಮೇಲಿನ ಚೀಫ್ ಇಂಜಿನಿಯರರ ಕುರ್ಚಿ ಅಂದು ಆಂಗ್ಲರ ಪಾಲಿನದು. ದೊಡ್ಡ ಸಂಬಳದ ಆ ಸರ್ಕಾರಿ ಕೆಲಸದಲ್ಲಿಯೇ ದಿನ ನೂಕಬಹುದಿತ್ತು, ಅವರು ನೂಕಲಿಲ್ಲ. 1908ರಲ್ಲಿ ಸೇವೆಯನ್ನು ತ್ಯಜಿಸಿದರು. ಪೂರ್ಣಾವಧಿ ಮುಗಿಯದಿದ್ದರೂ ಸರ್ಕಾರವು ಪಿಂಚಣಿಯನ್ನು ಮಂಜೂರು ಮಾಡಿತು.

ಆ ವರ್ಷದ ಸೆಪ್ಟೆಂಬರಿನಲ್ಲಿ ಮೂಸಿ ನದಿಯ ಪ್ರವಾಹವು ಹೈದರಾಬಾದನ್ನು ಧ್ವಂಸ ಮಾಡಿತ್ತು. ವಿದೇಶ ಪ್ರವಾಸದಲ್ಲಿದ್ದ ಅವರಿಗೆ ನಿಜಾಮ್ ಸರ್ಕಾರದಿಂದ ಕರೆ ಬಂತು. ಮರಳಿ ಬಂದು, ಪ್ರವಾಹ ತಡೆಯುವ ಜಲಾಶಯಗಳ ಯೋಜನೆಯನ್ನು ಸಿದ್ಧಪಡಿಸಿಕೊಟ್ಟರು. ಅಷ್ಟರಲ್ಲಿ ಮೈಸೂರಿನಿಂದ ಚೀಫ್ ಇಂಜಿನಿಯರರ ಹುದ್ದೆಗೆ ಆಹ್ವಾನ ಬಂತು. ತವರಿನ ಕರೆಯೆಂದು ಅವರು ಕೂಡಲೇ ಹೊರಡಲಿಲ್ಲ. ಅಲ್ಲಿ ದೊಡ್ಡ ಕೆಲಸಗಳಿಗೆ ಅವಕಾಶವುಂಟೇ ಎಂದು ಮೊದಲು ವಿಚಾರಿಸಿದರು. ಉಂಟೆಂಬ ಭರವಸೆ ಬಂದ ಮೇಲೆಯೇ, 1909ರ ನವೆಂಬರಿನಲ್ಲಿ, ಮೈಸೂರಿನ ಕೆಲಸಕ್ಕೆ ಸೇರಿದರು.